ಮೂವತ್ತೆರಡು ದನಿಗಳು, ಒಂದು ಬ್ಯಾಟರಿ

ಸಿಂಥಸೈಜರ್ ಅಂದ ಕೂಡಲೇ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು ಅಂತ ನುಡಿಯುವ ಕೀಬೋರ್ಡು ನಿಮ್ಮ ಕಣ್ಣಮುಂದೆ ಬಂದಿರಬಹುದು. ನಾನು ಹೇಳಹೊರಟಿರುವುದು ಅದರ ಅಜ್ಜಂದಿರ ಬಗ್ಗೆ. ಅವಕ್ಕೆ ಕೊಳಲೂ ಗೊತ್ತಿಲ್ಲ, ಪಿಟೀಲೂ ಗೊತ್ತಿಲ್ಲ. ಒಳಗಿರುವ ಆಸಿಲೇಟರ್ ಒಂದು ಒರಟು ದನಿ ಹುಟ್ಟಿಸುತ್ತದೆ, ಫಿಲ್ಟರ್ ಅದರಲ್ಲಿ ಬೇಡದ್ದನ್ನು ಸೋಸುತ್ತದೆ, ದನಿ ಹೇಗೆ ಏರಬೇಕು ಹೇಗೆ ಇಳಿಯಬೇಕು ಅನ್ನುವುದನ್ನು ಮತ್ತೊಂದು ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ಎಲ್ಲವೂ ವೋಲ್ಟೇಜಿನ ಆಟ. ಗುಂಡಿ ತಿರುಗಿಸುತ್ತಾ ಕೂತು ನಿಮಗೆ ಬೇಕಾದ ದನಿಯನ್ನು ನೀವೇ ಹುಡುಕಿಕೊಳ್ಳಬೇಕು.

ಇಲ್ಲಿ ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇಂಥವು ಮೂರಿವೆ. ಮೈಸೂರಿನಿಂದ ಅಮ್ಮ ಫೋನ್ ಮಾಡಿದಾಗೆಲ್ಲ "ಆ ಹಾರ್ಮೋನಿಯಂ ರಿಪೇರಿ ಮುಗೀತೇನೋ?" ಅಂತ ಕೇಳುತ್ತಾರೆ. ಮುಗಿಯುವ ಕೆಲಸವೇ ಅಲ್ಲ ಇದು! ಕೋಣೆಯ ಬಿಸಿ ಸ್ವಲ್ಪ ಏರುಪೇರಾದರೆ ಸಾಕು, ಆಸಿಲೇಟರಿನ ಶ್ರುತಿ ಜಾರುತ್ತದೆ. ಸ್ವಿಚ್ ಹಾಕಿ, ಕಾಫಿ ಕುಡಿದು ಬಂದು ಆಮೇಲೆ ನುಡಿಸಬೇಕು. ತಂಬೂರಿಯನ್ನು ಬಿಗಿ ಮಾಡಿ ಮಾಡಿ ಅಭ್ಯಾಸವಿರುವ ನಮ್ಮ ಮಂದಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ ಬಿಡಿ.

ಶುರುವಿನ ಯಂತ್ರಗಳಿಗೆ ನೆನಪಿನ ಶಕ್ತಿಯೂ ಇರಲಿಲ್ಲ. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಒಂದು ಮೂಗ್ ಸಿಂಥಸೈಜರನ್ನು ಜೋಡಿಸಿಕೊಟ್ಟಿದ್ದರು. ಹೌದು, ನಮ್ಮ ದೇಶದಲ್ಲೇ, ಅಷ್ಟು ಹಿಂದೆ! ಅದರಲ್ಲಿ ಒಂದು ದನಿ ಸಿಕ್ಕಿತು ಅಂತಿಟ್ಟುಕೊಳ್ಳಿ, ವೈರು ಕಿತ್ತ ಮೇಲೆ ಅದು ಹೋಯಿತು. ಒಂದೋ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಬೇಕು, ಇಲ್ಲವೋ ಟೇಪಿನಲ್ಲಿ ಹಿಡಿದಿಡಬೇಕು. ಅಲ್ಲಿನವರು ಹಿಡಿದಿಟ್ಟ ಟೇಪುಗಳನ್ನು ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದ ಸಂಸ್ಥೆಯ ಸಂಗ್ರಹದಲ್ಲಿ ಹುಡುಕಿ ತೆಗೆದು, 2023ರಲ್ಲಿ ಆಲ್ಬಂ ಬಂದಿದ್ದರಿಂದಲೇ ನಾವೂ ಇವತ್ತು ಕೇಳುವಂತಾಗಿದೆ.

ಆಮೇಲೆ 1978ರಲ್ಲಿ ಪ್ರಾಫೆಟ್-5 ಬಂತು. ಗುಂಡಿಗಳ ಸ್ಥಾನವನ್ನೆಲ್ಲ ಮೈಕ್ರೋಪ್ರೊಸೆಸರ್ ನೆನಪಿಟ್ಟುಕೊಳ್ಳುತ್ತಿತ್ತು. ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ. ಸಣ್ಣಪುಟ್ಟ ಬ್ಯಾಂಡಿನವರಿಗೂ ದಕ್ಕುವಂತೆ ಕಾರ್ಗ್‌ನವರು 1981ರಲ್ಲಿ ಪಾಲಿಸಿಕ್ಸ್ ತಂದರು. ಒಟ್ಟಿಗೆ ಆರು ಸ್ವರ, ನೆನಪಿನಲ್ಲಿ 32 ದನಿ. ಕರೆಂಟು ಹೋದಾಗ ಆ ನೆನಪನ್ನು ಕಾಯುವುದಕ್ಕೆ ಒಳಗೊಂದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ.

ನನ್ನ ಮೂರನೆಯದು ಇದೇ. ಮಾರಿದವರು ಒಬ್ಬ ವಯಸ್ಸಾದ ಹೆಂಗಸು. ಗಂಡ ಮದುವೆ ಮನೆಗಳಲ್ಲಿ ನುಡಿಸುತ್ತಿದ್ದರಂತೆ, ತೀರಿಕೊಂಡು ಎರಡು ವರ್ಷವಾಗಿತ್ತು. ಯಂತ್ರದ ನೆತ್ತಿಯ ಮೇಲೆ ಕಾಗದದ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಯಾವ ನಂಬರಿನಲ್ಲಿ ಯಾವ ದನಿ ಅಂತ ಬರೆದುಕೊಂಡಿದ್ದರು. ಅರ್ಧ ಅಳಿಸಿಹೋಗಿದೆ. ಕಾರಿಗೆ ಹತ್ತಿಸುವಾಗ ಆಕೆ ಹೇಳಿದ್ದು ಒಂದೇ ಮಾತು: "ಅವರ ದನಿಗಳೆಲ್ಲ ಅದರೊಳಗೇ ಇವೆ."

ಮನೆಗೆ ತಂದು ಬಿಚ್ಚಿ ನೋಡಿದರೆ ಬ್ಯಾಟರಿಯ ತುದಿಯಲ್ಲಿ ಬಿಳಿ ಹುಡಿ, ಪಕ್ಕದ ತಾಮ್ರದ ಗೆರೆಗಳಿಗೆ ಹಸಿರು. ಇದರಲ್ಲಿ ಯಾರ ತಪ್ಪೂ ಇಲ್ಲ, ಆ ಬ್ಯಾಟರಿಯ ಜಾತಿಯೇ ಹಾಗೆ. ವಯಸ್ಸಾದ ಮೇಲೆ ಒಳಗಿನ ಕ್ಷಾರ ಸೋರುತ್ತದೆ, ಸೋರಿದ್ದು ಬೋರ್ಡನ್ನು ತಿನ್ನುತ್ತದೆ. ಹಾಗೇ ಬಿಟ್ಟರೆ ಯಂತ್ರ ಸಾಯುತ್ತದೆ. ಬ್ಯಾಟರಿ ಕಿತ್ತರೆ ಯಂತ್ರ ಉಳಿಯುತ್ತದೆ, ಆದರೆ ಆ 32 ದನಿಗಳು ಅದೇ ಕ್ಷಣ ಹೋಗುತ್ತವೆ.

ಪುಣ್ಯಕ್ಕೆ ಆ ಕಾಲದವರು ಒಂದು ದಾರಿ ಇಟ್ಟಿದ್ದಾರೆ. ನೆನಪನ್ನು ಶಬ್ದವಾಗಿ ಮಾಡಿ ಕ್ಯಾಸೆಟ್ಟಿಗೆ ಕಳಿಸುವ ತೂತೊಂದಿದೆ. ಕ್ಯಾಸೆಟ್ಟಿನ ಬದಲು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮೂರು ಸಲ ರೆಕಾರ್ಡ್ ಮಾಡಿಕೊಂಡೆ. ಕೇಳಿದರೆ ಹಳೆಯ ಡಯಲ್-ಅಪ್ ಮೋಡೆಮ್ಮಿನ ಕಿರ್ರೋ ಕಿರ್ರೋ! ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ತಿದ್ದಿದ್ದು ಇಷ್ಟರಲ್ಲಿ ಇದೆಯಾ ಅನ್ನಿಸಿತು. ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಬ್ಯಾಟರಿ ಕಿತ್ತ ಮೇಲೆಯೇ ತಿಳಿಯಬೇಕು. ಎರಡು ವಾರ ಮುಟ್ಟಲಿಲ್ಲ.

ಕೊನೆಗೊಂದು ಭಾನುವಾರ ಕಿತ್ತೆ. ಕ್ಷಾರಕ್ಕೆ ವಿನೆಗರ್ ಹಚ್ಚಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಭೂತಗನ್ನಡಿ ಹಿಡಿದು ತುಂಡಾಗಿದ್ದ ಎರಡು ಗೆರೆಗಳನ್ನು ಕೂದಲೆಳೆಯಂಥ ವೈರಿನಿಂದ ಸೇರಿಸಿದೆ. ಹಳೇ ಬ್ಯಾಟರಿಯ ಜಾಗಕ್ಕೆ ಲಿಥಿಯಂ ನಾಣ್ಯದ ಸೆಲ್ಲು, ಜೊತೆಗೊಂದು ಡಯೋಡ್. ಡಯೋಡ್ ಮರೆಯುವಂತಿಲ್ಲ, ಯಾಕಂದ್ರೆ ಬೋರ್ಡು ಹಳೇ ಅಭ್ಯಾಸದಂತೆ ಸೆಲ್ಲನ್ನು ಚಾರ್ಜ್ ಮಾಡಲು ನೋಡುತ್ತದೆ, ಲಿಥಿಯಂ ಸೆಲ್ಲಿಗೆ ಅದು ಆಗಿಬರುವುದಿಲ್ಲ. ಹಳೆಯದನ್ನು ಮುಟ್ಟಲೇಬಾರದು, ಒರಿಜಿನಲ್ ಆಗಿಯೇ ಇರಬೇಕು ಅನ್ನುವ ಸಂಗ್ರಾಹಕರಿದ್ದಾರೆ. ನುಡಿಯದ ಒರಿಜಿನಲ್ ಇಟ್ಟುಕೊಂಡು ಏನು ಮಾಡೋಣ ಹೇಳಿ, ಆರತಿ ಎತ್ತೋಣವೇ?

ರೆಕಾರ್ಡನ್ನು ವಾಪಸ್ ತುಂಬುವಾಗ ವಾಲ್ಯೂಮ್ ಕಡಿಮೆಯಾದರೂ ಅದು ಒಪ್ಪುವುದಿಲ್ಲ, ಜಾಸ್ತಿಯಾದರೂ ಒಪ್ಪುವುದಿಲ್ಲ. ಐದನೇ ಸಲಕ್ಕೆ ಒಪ್ಪಿತು. 32ಕ್ಕೆ 32! ಒಂದೊಂದನ್ನೂ ಒಂದಿಷ್ಟು ನುಡಿಸಿ ಆಕೆಗೆ ಕಳಿಸಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಮದುವೆಯ ದನಿಗಳು ಯಾವುವೂ ಆಕೆಗೆ ಗುರುತು ಸಿಗಲಿಲ್ಲವಂತೆ. ಆದರೆ ಸಿ ಸಾಲಿನ ಏಳನೆಯದನ್ನು ಮಾತ್ರ ಅವರು ಊಟವಾದ ಮೇಲೆ ಮನೆಯಲ್ಲಿ ನುಡಿಸುತ್ತಿದ್ದರಂತೆ. ಮೆತ್ತಗಿನ, ಸ್ವಲ್ಪ ನಡುಗುವ ದನಿ ಅದು. ಟೇಪಿನ ಮೇಲೆ ಅದಕ್ಕೆ ಹೆಸರನ್ನೇ ಬರೆದಿಲ್ಲ.

ಈಗ ಸಮಸ್ಯೆ ಏನಪ್ಪಾ ಅಂದ್ರೆ, ಜಾಗ ಇರುವುದು 32 ಮಾತ್ರ. ನನ್ನದೊಂದು ದನಿ ಉಳಿಸಬೇಕಾದರೆ ಅವರದೊಂದನ್ನು ಅಳಿಸಬೇಕು. ಲ್ಯಾಪ್‌ಟಾಪಿನಲ್ಲಿ ಮೂರು ಪ್ರತಿ ಇದೆ, ಯಾವಾಗ ಬೇಕಾದರೂ ವಾಪಸ್ ತುಂಬಬಹುದು, ಎಲ್ಲ ಗೊತ್ತು. ಆದರೂ ಬೆರಳು ಆ ಬಟನ್ನಿನ ಹತ್ತಿರ ಹೋಗುವುದಿಲ್ಲ. ಸದ್ಯಕ್ಕೆ ಹಳೇ ಮೂಗ್ ಕಾಲದವರ ಹಾಗೆ ಗುಂಡಿಗಳ ಚಿತ್ರ ಬರೆದು, ಮುಳ್ಳು ಎಲ್ಲೆಲ್ಲಿ ನಿಂತಿದೆ ಅಂತ ಗುರುತು ಹಾಕಿಡುತ್ತಿದ್ದೇನೆ. ಇಲ್ಲಿಯವರೆಗೆ ಏಳು ಹಾಳೆ ಆಗಿದೆ.