ಲಗಾಮು ಹಿಡಿದವರು

ಸನ್ಮಾನ ಅಂದರೆ ನಮ್ಮ ವಿಜಯಪುರ ಜಿಲ್ಲೆಯ ಕಳ್ಳಕವಟಗಿ, ತಿಕೋಟಾ ಕಡೆಯವರಿಗೆ ಬಲು ಪ್ರೀತಿ. ಜಾತ್ರೆಯಿರಲಿ, ಸಾಲಿಯ ಗ್ಯಾದರಿಂಗ್ ಇರಲಿ, ಉಪಕಾರ ಮಾಡಿದವರನ್ನು ಕರೆದು ಕೂಡಿಸಿ, ರುಮಾಲು ಸುತ್ತಿ ಶಾಲು ಹೊದಿಸಿದರೇ ಸಮಾಧಾನ. ನನಗೂ ಈ ರೂಢಿ ಇಷ್ಟ. ‘ನೀ ಯಾರಿಗೆ ಹೊದಿಸ್ತೀಯಪಾ?’ ಎಂದು ಯಾರಾದರೂ ಕೇಳಿದರೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಹೆಣ್ಣುಮಗಳ ಹೆಸರು ಹೇಳುತ್ತೇನೆ.

1944ರಲ್ಲಿ, 23ರ ಹರೆಯದಲ್ಲಿ, ಹೊಟ್ಟೆಯಲ್ಲಿ ಕೂಸಿದ್ದಾಗಲೇ ಆಕೆಗೆ ಪೋಲಿಯೊ ಬಡಿಯಿತು. ಕೂಸು ಸುಖವಾಗಿ ಹುಟ್ಟಿತು. ತಾಯಿಯ ಮೊಣಕಾಲ ಕೆಳಗೆ ಮಾತ್ರ ಶಕ್ತಿ ಮರಳಲಿಲ್ಲ. ಕುದುರೆ ಸವಾರಿಯಲ್ಲೇ ಬೆಳೆದವಳು, ಬಿಟ್ಟು ಹೇಗೆ ಇದ್ದಾಳು? ಹತ್ತಲು ಇಳಿಯಲು ಇನ್ನೊಬ್ಬರ ಕೈ ಹಿಡಿದೇ ಮತ್ತೆ ಜೀನಿನ ಮೇಲೆ ಕೂತಳು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಕುದುರೆಯೊಂದಿಗೆ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಳು. ಆ ಸ್ಪರ್ಧೆಯಲ್ಲಿ ಹೆಂಗಸರು ಗಂಡಸರ ಎದುರು ಇಳಿದದ್ದೇ ಆ ವರ್ಷ ಮೊದಲು. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ತಾನೇ ಆಧಾರ ಕೊಟ್ಟು ಆಕೆಯನ್ನು ಪದಕದ ಕಟ್ಟೆ ಹತ್ತಿಸಿದ. 1956ರಲ್ಲಿ ಇನ್ನೊಂದು ಬೆಳ್ಳಿ. ಪದಕಕ್ಕಿಂತ ನನಗೆ ದೊಡ್ಡದೆನಿಸುವುದು, ಆಕೆ ಪೋಲಿಯೊ ಬಾಧಿತರಿಗಾಗಿ ಹಣ ಕೂಡಿಸಿದ್ದು, ಸವಾರಿಯೂ ಒಂದು ಚಿಕಿತ್ಸೆ ಎಂದು ಜನರನ್ನು ಒಪ್ಪಿಸುತ್ತ ಓಡಾಡಿದ್ದು.

ಚಿಕಿತ್ಸೆ ಹೇಗೆ? ಕುದುರೆ ಹೆಜ್ಜೆ ಹಾಕಿದಂತೆ ಸವಾರನ ಸೊಂಟ ಹಿಂದೆ ಮುಂದೆ ಆಡುತ್ತದೆ, ಎಡಬಲಕ್ಕೆ ವಾಲುತ್ತದೆ, ತುಸು ತಿರುಗುತ್ತದೆ. ನಾವು ನಡೆಯುವಾಗ ಆಗುವುದೂ ಇದೇ. ಸೆರೆಬ್ರಲ್ ಪಾಲ್ಸಿಯಿಂದ ಎಂದೂ ನಡೆಯದ ಮಗುವಿನ ಮೈಗೆ ನಡಿಗೆಯ ಲಯ ಅಲ್ಲಿ ಸಿಗುತ್ತದೆ. ಬಿಗಿದ ತೊಡೆ ಸಡಿಲಾಗುತ್ತದೆ. ಬೀಳಬಾರದೆಂದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ತಲೆಗೆ ಹೆಲ್ಮೆಟ್. ಮುಂದೆ ಲಗಾಮು ಹಿಡಿದವನೊಬ್ಬ, ಎರಡೂ ಮಗ್ಗುಲಲ್ಲಿ ಮಗುವಿನ ತೊಡೆಗೆ ಕೈಯಿಟ್ಟು ನಡೆಯುವವರಿಬ್ಬರು, ಎಲ್ಲವನ್ನೂ ಗಮನಿಸುವ ಫಿಸಿಯೋಥೆರಪಿಸ್ಟ್. ಒಂದು ಮಗುವಿಗೆ ಇಷ್ಟು ಮಂದಿ. ಚಪ್ಪಾಳೆ ಹಾರ್ಟೆಲ್‌ಳಂಥ ಮುಂದಾಳುಗಳಿಗೆ ಸಲ್ಲಲಿ, ಸಲ್ಲಲೇಬೇಕು. ಆದರೆ ಬಿಸಿಲಲ್ಲಿ ಸುತ್ತು ಹಾಕುವ ಈ ಮಂದಿಯನ್ನೂ ಅದೇ ವೇದಿಕೆಗೆ ಕರೆಯಬೇಕು.

ಕುದುರೆ ನಮಗೆ ಹೊಸದೇನಲ್ಲ. ಗೋಳಗುಮ್ಮಟ ನೋಡಲು ಬಂದವರನ್ನು ಟಾಂಗಾದಲ್ಲಿ ಸುತ್ತಾಡಿಸಿದ ಊರು ವಿಜಯಪುರ. ಭೀಮೆಯ ಆಚೆ ಮಹಾರಾಷ್ಟ್ರದ ಧನಗರರು ಹಟ್ಟಿ ಬದಲಿಸುವಾಗ ಸಾಮಾನು ಹೇರುವ ಗಿಡ್ಡ, ಗಟ್ಟಿ ಕುದುರೆಗೆ ಭೀಮಥಡಿ ಎಂದೇ ಹೆಸರು. ಈಚೆಗೆ ಅದು ಪ್ರತ್ಯೇಕ ತಳಿಯೆಂದು ಸರ್ಕಾರಿ ದಾಖಲೆಗೂ ಸೇರಿದೆ. ಸವಾರಿ ಚಿಕಿತ್ಸೆಗೆ ಗಿಡ್ಡ ಕುದುರೆಯೇ ಚಲೋ, ಮಗ್ಗುಲಲ್ಲಿ ನಡೆಯುವವರ ಕೈ ಮಗುವಿಗೆ ಎಟುಕುತ್ತದೆ.

ಎಲ್ಲ ಮಕ್ಕಳಿಗೂ ಈ ಚಿಕಿತ್ಸೆ ಹೊಂದುವುದಿಲ್ಲ. ಚಪ್ಪೆಯ ಕೀಲು ಜಾರಿದವರನ್ನು, ಕುತ್ತಿಗೆಯ ಎಲುಬು ಗಟ್ಟಿಯಿಲ್ಲದವರನ್ನು ಡಾಕ್ಟರು ನೋಡದೆ ಹತ್ತಿಸಲೇಬಾರದು. ಹೀಗೆ ತಿಳಿದು ಮಾಡುವ ಸವಾರಿ ಚಿಕಿತ್ಸೆ ನಮ್ಮ ಜಿಲ್ಲೆಯಲ್ಲೂ ಬೇರೂರಲಿ ಎಂಬುದು ನನ್ನ ಆಸೆ. ಶುರು ಮಾಡುವವರು ಡಾಕ್ಟರನ್ನು ಕರೆಯುವ ದಿನವೇ ಟಾಂಗಾ ಹೊಡೆಯುವ ಕಾಕಾನನ್ನೂ ಕರೆಯಲಿ. ಯಾವ ಕುದುರೆ ಬೆದರುತ್ತದೆ, ಯಾವುದು ಕೂಸಿನ ಕಿರುಚಾಟಕ್ಕೂ ಅಲುಗದೆ ನಿಲ್ಲುತ್ತದೆ ಎಂಬುದು ಅವನಿಗೇ ಗೊತ್ತು.