ಕರಾವಳಿಯಾಗ ಒಂದು ರೊಟ್ಟಿ ಹೊಟ್ಟಿ – ಭಾಗ 4

ನಮ್ಮ ಕಡೆಯಿಂದ ಮಂಗಳೂರಿಗೆ ಓದಾಕ ಬರೋರು ಮೊದ್ಲು ಇದನ್ನ ತಿಳ್ಕೋರಿ: ಇಲ್ಲಿ ‘ಕೋರಿ ರೊಟ್ಟಿ’ ಅಂದ್ರ ಜೋಳದ ರೊಟ್ಟಿ ಅಲ್ಲ. ಅದು ಅಕ್ಕಿದು, ಹಪ್ಪಳದಂಗ ಗರಿಗರಿ. ಮುರಿದು ಹಾಕಿ ಮ್ಯಾಲೆ ಕೋಳಿ ಸಾರು ಸುರೀತಾರ. (ಕೋರಿ ಅಂದ್ರ ತುಳುವಿನಾಗ ಕೋಳಿ.) ರುಚಿಗೆ ನಾನೇನೂ ಅನ್ನಂಗಿಲ್ಲ. ಆದ್ರ ಮಮದಾಪುರದ ಹೊಟ್ಟಿ ಅದನ್ನ ರೊಟ್ಟಿ ಅಂತ ಒಪ್ಪೂದಿಲ್ಲ.

ಕುಚ್ಚಲಕ್ಕಿ ವಿಷಯ ಬ್ಯಾರೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕ್ತಾರೆ. ಕಾಳು ದಪ್ಪ, ಅಗಿದು ತಿನ್ನಬೇಕು. ಗಂಜಿ, ಉಪ್ಪಿನಕಾಯಿ ಮೊದ್ಲ ವಾರ ಜ್ವರ ಬಂದವರ ಊಟ ಅನಸ್ತಿತ್ತು. ಈಗ ಈ ಸೆಕೆಯಾಗ ಅದ ಬೇಕು ಅನಸ್ತೈತಿ. ನಮ್ಮ ಎರಿ ಹೊಲದಾಗ ಹಿಂಗಾರಿ ಜೋಳ ಮಣ್ಣಿನ ತೇವದ ಮ್ಯಾಲೆ ಬರತೈತಿ. ಇಲ್ಲಿಯ ಮಳಿಗೆ ಭತ್ತನೇ ಸರಿ.

ಅವ್ವ ಫೋನಿನಾಗ ಕೇಳೂದು ಒಂದ: ‘ಹೊಟ್ಟಿ ತುಂಬತೈತೇನೋ? ಇಲ್ಲಂದ್ರ ಬಂದ್ಬಿಡು, ಗೋಕಾಕದಾಗ ಕಾಲೇಜಿಲ್ಲೇನು?’ ‘ತುಂಬತೈತಿ ಬೇ’ ಅಂತೀನಿ. ಖರೇನೂ ಹೌದು. ಆದ್ರೂ ಬಸ್ಸಿನಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬರತಾವ. ಬ್ಯಾಡ ಅಂದ್ರ ಆಕಿ ಏನಂತ ತಿಳ್ಕೋತಾಳೋ ಅಂತ ಸುಮ್ನಿರ್ತೀನಿ.

ಮೊನ್ನೆ ಬಂಟ್ವಾಳದ ರೂಮ್‌ಮೇಟ್ ಆ ರೊಟ್ಟಿ ಮುರಿದು ಬಂಗುಡೆ ಸಾರಿಗೆ ಹಾಕ್ಕೊಂಡ. ನೋಡಾಕ ಆಗ್ಲಿಲ್ಲ. ಆಮ್ಯಾಲೆ ನಾನೂ ಹಾಕ್ಕೊಂಡೆ. ಈಗ ಅವನೇ ಕೇಳ್ತಾನ, ‘ನಿನ್ನ ಅಮ್ಮ ಮುಂದಿನ ಡಬ್ಬಿ ಯಾವಾಗ ಕಳಿಸ್ತಾರೆ ಮಾರಾಯ?’