ಪೊನ್ನಂಪೇಟೆ: ಕಾಡಂಚಿನ ಕಾವಲಿನವರ ಮನದ ಭಾರ

ಗೋಣಿಕೊಪ್ಪಲಿನಲ್ಲಿ ಕುಟ್ಟದ ಬಸ್ಸು ಹತ್ತಿ, ಟಿಕೆಟ್ ಪಡೆದು ಚಿಲ್ಲರೆ ಎಣಿಸುವಷ್ಟರಲ್ಲಿ ಪೊನ್ನಂಪೇಟೆ ಬಂದುಬಿಡುತ್ತದೆ. ರಸ್ತೆಯ ಆಚೀಚೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಹಿಂದೆ ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದ ಈ ಪುಟ್ಟ ಪಟ್ಟಣ ಇಂದು ತಾನೇ ಒಂದು ತಾಲ್ಲೂಕು ಕೇಂದ್ರ.

1927ರಲ್ಲಿ ಆರಂಭವಾದ ರಾಮಕೃಷ್ಣ ಶಾರದಾಶ್ರಮ ಊರಿನ ಹಳೆಯ ಗುರುತು. 1995ರಲ್ಲಿ ಬಂದ ಅರಣ್ಯ ಮಹಾವಿದ್ಯಾಲಯ ಹೊಸ ಗುರುತು. ಮರ, ಮಣ್ಣು, ವನ್ಯಜೀವಿಗಳ ವಿಚಾರ ಓದಿದ ಹಲವರು ಇಲ್ಲಿಂದ ಅರಣ್ಯ ಇಲಾಖೆಗೆ ಸೇರುತ್ತಾರೆ. ಮಗನೋ ಮಗಳೋ ಅರಣ್ಯಾಧಿಕಾರಿಯಾದರೆ ಹೆತ್ತವರಿಗೆ ಹೆಮ್ಮೆ. ಆದರೆ ಆ ಖಾಕಿ ಅಂಗಿಯೊಳಗಿನ ಮನಸ್ಸಿನ ಮಾತು ಮನೆಯಲ್ಲಿ ಬರುವುದು ಕಡಿಮೆ.

ಗೋಣಿಕೊಪ್ಪಲಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ತಿತಿಮತಿ ದಾಟಿದರೆ ಮತ್ತಿಗೋಡು ಆನೆ ಶಿಬಿರ, ಸುತ್ತ ನಾಗರಹೊಳೆಯ ಕಾಡು. ಕಾಡಾನೆ ತೋಟಕ್ಕೆ ಇಳಿದರೆ ಬೆಳೆಗಾರರ ಫೋನು ಹೋಗುವುದು ಅರಣ್ಯ ಸಿಬ್ಬಂದಿಗೆ. ಊರೆಲ್ಲ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಅವರು ಟಾರ್ಚು, ಪಟಾಕಿ ಹಿಡಿದು ಆನೆಯ ಕಡೆಗೇ ನಡೆಯಬೇಕು. 2023ರ ಸೆಪ್ಟೆಂಬರಿನಲ್ಲಿ ಕೆದಕಲ್ ಬಳಿ ಹೀಗೆ ಆನೆ ಓಡಿಸಲು ಹೋದ ಸಿಬ್ಬಂದಿಯೊಬ್ಬರು ಆನೆಯ ದಾಳಿಗೇ ಬಲಿಯಾದರು. ಅಂಥ ದಿನದ ನಂತರವೂ ಉಳಿದವರಿಗೆ ಮರುದಿನದ ಕರೆ ತಪ್ಪುವುದಿಲ್ಲ.

ಮಳೆಗಾಲದ ಕಥೆ ಬೇರೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲ ಬೆಟ್ಟಗಳು ಕುಸಿದವು. ಮರುವರ್ಷ ಅದೇ ತಿಂಗಳು ವಿರಾಜಪೇಟೆಯ ಕಡೆ ತೋರ ಗ್ರಾಮ, 2020ರಲ್ಲಿ ತಲಕಾವೇರಿ. ಅಗ್ನಿಶಾಮಕ ದಳ, ಪೊಲೀಸರು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಮೊಣಕಾಲುದ್ದದ ಕೆಸರಿನಲ್ಲಿ ದಿನಗಟ್ಟಲೆ ಹುಡುಕಿದರು. ಆದರೂ ಕೆಲವರ ದೇಹ ಸಿಗಲೇ ಇಲ್ಲ. ಒಬ್ಬರನ್ನು ಉಳಿಸಿದರೆ ದಣಿವು ಅರ್ಧ ಇಳಿಯುತ್ತದೆ. ಬರಿಗೈಲಿ ಮರಳಿದವರಿಗೆ, ದಡದಲ್ಲಿ ಕಾದು ನಿಂತ ಬಂಧುಗಳ ಮುಖ ಮರೆಯುವುದು ಸುಲಭವಲ್ಲ.

ಈ ಭಾರಕ್ಕೆ ಗುರುತುಗಳಿವೆ. ನಿದ್ದೆ ಕೆಡುತ್ತದೆ. ಕಣ್ಣು ಮುಚ್ಚಿದರೆ ಅದೇ ದೃಶ್ಯ. ಸಣ್ಣ ಸದ್ದಿಗೂ ಬೆಚ್ಚುವುದು, ಮಕ್ಕಳ ಮೇಲೆ ವಿನಾಕಾರಣ ರೇಗುವುದು, ಮಾತು ಬಿಡುವುದು, ಕುಡಿತಕ್ಕೆ ಕೈಹಾಕುವುದು. ಇದು ಹೇಡಿತನವಲ್ಲ, ಅಪಾಯ ಕಳೆದ ಮೇಲೂ ಮೈ ಮನಸ್ಸುಗಳು ಕಾವಲು ಬಿಡದಿರುವುದು. ಬಹಳಷ್ಟು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಇದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ.

‘ಏನಾಯಿತು, ಎಲ್ಲ ಹೇಳು’ ಎಂದು ಒತ್ತಾಯಿಸಿ ಬಾಯಿ ಬಿಡಿಸಿದರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ಹಿಂದೆ ತಜ್ಞರಲ್ಲೂ ಇತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪುವುದಿಲ್ಲ. 2011ರ ಅದರ ಕೈಪಿಡಿ ಹೇಳುವುದು ಮೂರೇ ಮಾತು: ನೋಡಿ, ಕೇಳಿಸಿಕೊಳ್ಳಿ, ನೆರವಿನ ದಾರಿ ತೋರಿಸಿ. ಬಿಸಿ ಊಟ, ಸರದಿಯ ರಜೆ, ಜೊತೆ ಕೆಲಸಗಾರರ ಒಡನಾಟ, ‘ಹೇಗಿದ್ದೀಯಪ್ಪಾ’ ಎಂದು ಕೇಳುವ ಮೇಲಧಿಕಾರಿ, ಇವೂ ಔಷಧಗಳೇ. 2022ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ‘ಟೆಲಿ ಮಾನಸ್’ ಸೇವೆ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಸಂಜೆ ಅರಣ್ಯ ಮಹಾವಿದ್ಯಾಲಯದ ಕಡೆಯ ರಸ್ತೆ ತಣ್ಣಗಿರುತ್ತದೆ. ಇಲ್ಲಿ ಓದುವವರಲ್ಲಿ ಕೆಲವರು ನಾಳೆ ಅಂಥದೇ ಒಂದು ರಾತ್ರಿ ಜೀಪಿನಲ್ಲಿ ಹೊರಡುವವರು. ಆನೆಯ ಹೆಜ್ಜೆ ಗುರುತಿಸುವುದನ್ನು ಕಲಿಯುವಂತೆಯೇ, ‘ನನಗೆ ಇವತ್ತು ಆಗುತ್ತಿಲ್ಲ’ ಎಂದು ನಾಚಿಕೆಯಿಲ್ಲದೆ ಹೇಳುವುದನ್ನೂ ಅವರು ಕಲಿಯಬೇಕು. ಆ ಮಾತನ್ನು ಸಮಾಧಾನದಿಂದ ಕೇಳಿಸಿಕೊಳ್ಳುವುದು ಹೆತ್ತವರ ಪಾಠ.